ಕಾದಂಬರಿ ಪಿತಾಮಹ ಗಳಗನಾಥರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಕನ್ನಡದ ಒಬ್ಬ ಹಿರಿಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿಕೊಂಡರು. ಯಾರನ್ನು ಕುರಿತು ಬರೆಯಬೇಕೆಂದು ಹಲವು ದಿನ ಯೋಚಿಸಿದೆ. ಕೊನೆಗೆ ಮನಸ್ಸು ಗಳಗನಾಥರ ಮೇಲೆಯೇ ನಿಂತಿತು. ಅದಕ್ಕೆ ಕಾರಣಗಳು ಎರಡು. ಅವರು ಮೊದಲು ಕನ್ನಡ ಶಾಲೆಯ ಮಾಸ್ತರರು, ಅನಂತರ ಕಾದಂಬರಿಕಾರರು. ಎರಡನೆಯದಾಗಿ, ಸೊಲ್ಲಾಪುರದ ನವಿ ಪೇಠದ ನಮ್ಮ ಮನೆಯಲ್ಲಿ ಶಾಲೆಯ ಮುಖವನ್ನು ಹೆಚ್ಚು ದಿನ ಕಾಣದ ಹೆಣ್ಣುಮಕ್ಕಳಿಗೆ ಕನ್ನಡದ ಓದನ್ನು ಕಲಿಸಿದವರು ಅವರೇ. ಅವರು ತೀರಿಕೊಂಡು ಎಂಟು ದಶಕಗಳೇ ಕಳೆದಿವೆ. ಹೊಸ ತಲೆಮಾರಿನವರಿಗೆ ಅವರ ಹೆಸರು ಕೂಡ ಅಪರಿಚಿತವಾಗುತ್ತಿರುವ ಈ ಕಾಲದಲ್ಲಿ ಅವರನ್ನು ನೆನೆಯುವುದು ಕನ್ನಡ ಶಾಲೆಯೊಂದಕ್ಕೆ ಕರ್ತವ್ಯವೇ ಸರಿ.

ಜನನ ಮತ್ತು ವೃತ್ತಿ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಪುಣ್ಯಸ್ಥಳದಲ್ಲಿ ಗಳಗನಾಥ ಎಂಬ ಗ್ರಾಮವಿದೆ. ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿಯಿಂದ ಆ ಊರು ಪ್ರಸಿದ್ಧವಾಗಿದೆ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಗ್ರಾಮವು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಜನಿಸಿದರು. ಮುಂದೆ ಅವರು ಹುಟ್ಟೂರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಸ್ವೀಕರಿಸಿದರು. ಕಾಲಕ್ರಮದಲ್ಲಿ ಜನರು ವೆಂಕಟೇಶ ಕುಲಕರ್ಣಿಯವರನ್ನು ಮರೆತರು, ಗಳಗನಾಥರನ್ನು ಉಳಿಸಿಕೊಂಡರು.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಣ ಪಡೆದು ಅವರು ಕನ್ನಡ ಶಾಲೆಗಳಲ್ಲಿ ಶಿಕ್ಷಕರಾಗಿ ದುಡಿದರು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳಂತೆ ನಮ್ಮ ಸೊಲ್ಲಾಪುರವೂ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯ ವ್ಯವಹಾರದಲ್ಲಿಯೂ ವಿದ್ಯಾವಂತರ ಓದಿನಲ್ಲಿಯೂ ಮರಾಠಿಯ ಪ್ರಭಾವ ಬಲವಾಗಿತ್ತು. ಮನೆಯಲ್ಲಿ ಕನ್ನಡ ಮಾತನಾಡುವವರು ಪುಸ್ತಕವೆಂದರೆ ಮರಾಠಿಯದೆಂದೇ ತಿಳಿದಿದ್ದ ಕಾಲವದು. ಈ ಸ್ಥಿತಿಯನ್ನು ಕಂಡು ಮರುಗಿದ ಕನ್ನಡಾಭಿಮಾನಿಗಳು ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಕನ್ನಡದಲ್ಲಿ ಹೊಸ ಗ್ರಂಥಗಳನ್ನು ಬರೆಯಿಸುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. ಆ ಜಾಗೃತಿಯ ವಾತಾವರಣದಲ್ಲಿಯೇ ತರುಣ ಶಿಕ್ಷಕ ಗಳಗನಾಥರು ಲೇಖನಿಯನ್ನು ಹಿಡಿದರು.

ಕನ್ನಡಿಗರಿಗೆ ಅಕ್ಷರ ಬಂದರೆ ಸಾಲದು, ಆ ಅಕ್ಷರದಿಂದ ಓದುವುದಕ್ಕೆ ರುಚಿಯಾದ ಪುಸ್ತಕವೂ ಬೇಕೆಂಬುದನ್ನು ಶಾಲೆಯ ಮಾಸ್ತರರಾಗಿ ಅವರು ಕಣ್ಣಾರೆ ಕಂಡಿದ್ದರು. ನಾಲ್ಕನೆಯ ಇಯತ್ತೆ ಮುಗಿಸಿ ಮನೆಗೆ ಹೋದ ಹುಡುಗನು ಓದಲು ಏನೂ ದೊರೆಯದೆ ನಾಲ್ಕು ವರ್ಷಗಳಲ್ಲಿ ಅಕ್ಷರವನ್ನೇ ಮರೆಯುತ್ತಾನೆ. ಹುಡುಗಿಯ ಪಾಡನ್ನಂತೂ ಹೇಳುವುದೇ ಬೇಡ. ಶಾಲೆಯಲ್ಲಿ ದುಡಿದ ನಮ್ಮಂಥವರಿಗೆ ಇದು ಹೇಳದೆಯೇ ತಿಳಿಯುವ ಮಾತು.

ಗ್ರಂಥಕರ್ತರಾಗಿ ಗಳಗನಾಥರು

1898ರಲ್ಲಿ ಅವರ ಪ್ರಥಮ ಕಾದಂಬರಿ 'ಪ್ರಬುದ್ಧ ಪದ್ಮನಯನೆ' ಹೊರಬಂದಿತು. ಆಗ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಗಳಗನಾಥರು ಉತ್ತರ ಕರ್ನಾಟಕದಲ್ಲಿದ್ದು ಮರಾಠಿಯ ಕಡೆ ನೋಡಿದರು. ಮರಾಠಿಯ ಪ್ರಖ್ಯಾತ ಕಾದಂಬರಿಕಾರರಾದ ಹರಿ ನಾರಾಯಣ ಆಪಟೆಯವರ (1864-1919) ಐತಿಹಾಸಿಕ ಕಾದಂಬರಿಗಳು ಅಂದು ಮನೆಮನೆಯ ಮಾತಾಗಿದ್ದವು. ಅವುಗಳಲ್ಲಿ ಹಲವನ್ನು ಗಳಗನಾಥರು ಕನ್ನಡಕ್ಕೆ ತಂದರು. ಅವರ ಅನುವಾದವು ಶಬ್ದಕ್ಕೆ ಶಬ್ದವನ್ನಿಟ್ಟ ಅನುವಾದವಲ್ಲ. ಕನ್ನಡ ಮನೆಯಲ್ಲಿಯೇ ಹುಟ್ಟಿದ ಕಥೆಯೆನ್ನುವಷ್ಟು ಸ್ವಾಭಾವಿಕವಾಗಿ ಅವರು ಕಥೆಯನ್ನು ಹೇಳಬಲ್ಲವರಾಗಿದ್ದರು. 'ಮಾಧವ ಕರುಣಾ ವಿಲಾಸ'ವು ಅವರ ಸ್ವತಂತ್ರ ಕೃತಿ. ವಿಜಯನಗರದ ಸ್ಥಾಪನೆಯ ಮತ್ತು ವಿದ್ಯಾರಣ್ಯರ ಮಹಿಮೆಯ ಆ ಕಥೆಯು ಅವರ ಕೃತಿಗಳಲ್ಲಿ ಶ್ರೇಷ್ಠವೆಂದು ವಿದ್ವಾಂಸರು ಮನ್ನಿಸಿದ್ದಾರೆ. ಪೌರಾಣಿಕ ವಿಷಯಗಳನ್ನೂ ಅವರು ಬಿಡಲಿಲ್ಲ. 'ಗಿರಿಜಾ ಕಲ್ಯಾಣ'ದಂತಹ ಕೃತಿಗಳಲ್ಲಿ ಪುರಾಣದ ಕಥೆಗಳನ್ನು ಸಾಮಾನ್ಯರೂ ಓದಬಲ್ಲ ಗದ್ಯದಲ್ಲಿ ಬರೆದರು.

ಹಾವೇರಿಯ ಬಳಿಯ ಅಗಡಿಯ ಆನಂದವನದಲ್ಲಿ ಶ್ರೀ ಶೇಷಾಚಲ ಸದ್ಗುರುಗಳ ಸನ್ನಿಧಿಯು ಗಳಗನಾಥರ ಜೀವನಕ್ಕೆ ಹೊಸ ದಾರಿಯನ್ನು ತೋರಿತು. 1907ರಲ್ಲಿ ಅಲ್ಲಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯು ಆರಂಭವಾಯಿತು. ಗಳಗನಾಥರು ಅದರ ಜೀವಾಳವಾಗಿ ನಿಂತರು. ಮುಂದೆ 'ಸದ್ಗುರು' ಎಂಬ ಪತ್ರಿಕೆಯನ್ನೂ ನಡೆಸಿದರು. ಧರ್ಮ, ನೀತಿ, ಗೃಹಜೀವನ, ಇತಿಹಾಸ, ಕಥೆ ಎಲ್ಲವೂ ತಿಂಗಳು ತಿಂಗಳಿಗೆ ಕನ್ನಡ ಮನೆಗಳನ್ನು ತಲುಪತೊಡಗಿದವು.

ಪುಸ್ತಕವನ್ನು ಬರೆಯುವುದು ಒಂದು ಕಷ್ಟ, ಅಚ್ಚು ಹಾಕಿಸುವುದು ಎರಡನೆಯ ಕಷ್ಟ, ಮಾರುವುದು ಮೂರನೆಯ ಕಷ್ಟ. ಈ ಮೂರನ್ನೂ ಅವರೊಬ್ಬರೇ ಹೊತ್ತರು. ಹೊತ್ತರು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತಿಳಿಯಬೇಕು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು, ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚಿ, ಅವರು ಕನ್ನಡ ಪುಸ್ತಕಗಳನ್ನು ಮಾರಿದ ಸಂಗತಿ ಕನ್ನಡನಾಡಿನಲ್ಲೆಲ್ಲ ಜನಜನಿತವಾಗಿದೆ. ತಾವು ಬರೆದದ್ದನ್ನು ತಾವೇ ಹೊತ್ತು ಮಾರುವುದರಲ್ಲಿ ಅವರು ಸಣ್ಣತನವನ್ನು ಕಾಣಲಿಲ್ಲ. ಓದುಗರು ಪುಸ್ತಕದ ಬಳಿಗೆ ಬಾರದಿದ್ದರೆ ಪುಸ್ತಕವೇ ಓದುಗರ ಬಾಗಿಲಿಗೆ ಹೋಗಬೇಕೆಂಬುದು ಆ ಶಿಕ್ಷಕರ ಸರಳವಾದ ಲೆಕ್ಕಾಚಾರವಾಗಿತ್ತು.

ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕನ್ನಡಿಗರ ಕೈಗಿತ್ತು, ಬದುಕಿನುದ್ದಕ್ಕೂ ಹಣದ ಅನುಕೂಲವನ್ನು ಹೆಚ್ಚು ಕಾಣದೆ, ಗಳಗನಾಥರು 1942ರಲ್ಲಿ ದೈವಾಧೀನರಾದರು. ಕನ್ನಡಿಗರು ಅವರನ್ನು ಕಾದಂಬರಿ ಪಿತಾಮಹರೆಂದು ಗೌರವದಿಂದ ಕರೆಯುತ್ತಾರೆ.

ಇತಿಹಾಸದ ನಡುವೆ ಹೆಣ್ಣುಮಕ್ಕಳು

ಗಳಗನಾಥರ ಕೃತಿಗಳ ಹೆಸರುಗಳನ್ನು ಸಾಲಾಗಿ ಬರೆದು ನೋಡಿದರೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. ಪದ್ಮನಯನೆ, ಕುಮುದಿನಿ, ಕಮಲಕುಮಾರಿ, ಮೃಣಾಲಿನಿ, ತಿಲೋತ್ತಮೆ, ಗಿರಿಜೆ ಎಲ್ಲವೂ ಸ್ತ್ರೀಯರ ಹೆಸರುಗಳೇ. ರಾಜರ ಯುದ್ಧಗಳ ಕಥೆಯನ್ನು ಹೇಳಹೊರಟವರು ಪುಸ್ತಕದ ಮುಖಪುಟದ ಮೇಲೆ ಹೆಣ್ಣುಮಗಳನ್ನು ಕೂರಿಸಿದರು.

ಸಿಂಹಗಡದ ಕಥೆಯನ್ನೇ ತೆಗೆದುಕೊಳ್ಳೋಣ. 1670ರಲ್ಲಿ ತಾನಾಜಿ ಮಾಲುಸರೆಯು ಕೊಂಡಾಣೆಯ ಕೋಟೆಯನ್ನು ಗೆದ್ದು ಪ್ರಾಣವನ್ನರ್ಪಿಸಿದ್ದನ್ನು ಸೊಲ್ಲಾಪುರ ಜಿಲ್ಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಪಠ್ಯಪುಸ್ತಕದಲ್ಲಿ ಓದಿದ್ದಾನೆ. ಆಪಟೆಯವರು ಈ ಪ್ರಸಂಗವನ್ನು ಕುರಿತು ಬರೆದ ಮರಾಠಿ ಕಾದಂಬರಿಯು, ಕೋಟೆ ದೊರೆತರೂ ಸಿಂಹದಂತಹ ವೀರನು ಹೋದನೆಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಗಿದೆ. ಆ ಕಥೆಯಲ್ಲಿ ಕಮಲಕುಮಾರಿ ಎಂಬ ರಜಪೂತ ತರುಣಿ ಬರುತ್ತಾಳೆ. ಗಂಡನನ್ನು ಕಳೆದುಕೊಂಡ ಆಕೆಯನ್ನು ಕೋಟೆಯ ಅಧಿಕಾರಿ ಉದಯಭಾನುವು ಬಲಾತ್ಕಾರದಿಂದ ಹಿಡಿದೊಯ್ಯುತ್ತಾನೆ. ಪಠ್ಯಪುಸ್ತಕದಲ್ಲಿ ಆಕೆಗೆ ಸ್ಥಳವಿಲ್ಲ. ಗಳಗನಾಥರಾದರೋ ತಮ್ಮ ಪುಸ್ತಕಕ್ಕೆ 'ಕಮಲಕುಮಾರಿ' ಎಂದೇ ಹೆಸರಿಟ್ಟರು.

'ಕನ್ನಡಿಗರ ಕರ್ಮಕಥೆ'ಯು ಆಪಟೆಯವರ 'ವಜ್ರಾಘಾತ'ದ ಕನ್ನಡ ರೂಪ. ವಿಜಯನಗರದ ಪತನವೇ ಅದರ ವಸ್ತು. ಅದರಲ್ಲಿ ಮೆಹರ್ಜಾನಳೆಂಬ ಮುಸಲ್ಮಾನ ಯುವತಿಯ ಕಥೆಯಿದೆ. ತರುಣನಾಗಿದ್ದ ರಾಮರಾಯನು ಆಕೆಯನ್ನು ಪ್ರೀತಿಸಿ, ಅಧಿಕಾರದ ಮೆಟ್ಟಿಲು ಏರುವಾಗ ಕೈಬಿಡುತ್ತಾನೆ. ಆಕೆಯ ಮಗನು ಮುಂದೆ ರಣಮಸ್ತಖಾನನೆಂಬ ಹೆಸರಿನಿಂದ ವಿಜಯನಗರದ ವೈರಿಗಳ ಪಕ್ಷದಲ್ಲಿ ನಿಲ್ಲುತ್ತಾನೆ. ತಂದೆ ಮಗನನ್ನು ಅರಿಯನು, ಮಗನು ತಂದೆಯನ್ನು ಅರಿಯನು. ಒಂದು ಮಹಾಸಾಮ್ರಾಜ್ಯದ ನಾಶಕ್ಕೂ ಒಬ್ಬ ಹೆಣ್ಣುಮಗಳ ಕಣ್ಣೀರಿಗೂ ಕಾದಂಬರಿಯು ಹೀಗೆ ಗಂಟು ಹಾಕುತ್ತದೆ.

ಇದು ಕಲ್ಪನೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. 1565ರ ಜನವರಿ 23ರಂದು ನಡೆದ ಯುದ್ಧದಲ್ಲಿ ರಾಮರಾಯನು ಸೆರೆಸಿಕ್ಕಿ ಅಹಮದನಗರದ ಹುಸೇನ ನಿಜಾಮಶಹನ ಆಜ್ಞೆಯಿಂದ ಹತನಾದನೆಂದು ಇತಿಹಾಸವು ಹೇಳುತ್ತದೆ. ಆದರೆ ಇದೇ ಇತಿಹಾಸದ ಇನ್ನೊಂದು ಸಂಗತಿಯನ್ನು ನಮ್ಮ ಊರಿನವರು ತಿಳಿದಿರಬೇಕು. ಸುಲ್ತಾನರು ವಿಜಯನಗರದ ವಿರುದ್ಧ ಒಂದಾಗುವ ಮೊದಲು ವಿಜಾಪುರ ಮತ್ತು ಅಹಮದನಗರಗಳ ನಡುವೆ ಬಹುಕಾಲದಿಂದ ಜಗಳವಿತ್ತು. ಆ ಜಗಳದ ಮುಖ್ಯ ಕಾರಣಗಳಲ್ಲಿ ಸೊಲ್ಲಾಪುರದ ಕೋಟೆಯೂ ಒಂದು. ಹುಸೇನನು ತನ್ನ ಮಗಳು ಚಾಂದಬೀಬಿಯನ್ನು ವಿಜಾಪುರದ ಅಲಿ ಆದಿಲಶಹನಿಗೆ ಮದುವೆ ಮಾಡಿಕೊಟ್ಟು, ವರದಕ್ಷಿಣೆಯಾಗಿ ಸೊಲ್ಲಾಪುರದ ಕೋಟೆಯನ್ನು ಬಿಟ್ಟುಕೊಟ್ಟನು. ಆ ಮದುವೆಯಿಂದ ಸಂಧಿಯಾಯಿತು, ಸಂಧಿಯಿಂದ ಯುದ್ಧವಾಯಿತು. ಎಳೆಯ ವಯಸ್ಸಿನ ಹುಡುಗಿಯೊಬ್ಬಳ ಜೊತೆಗೆ ಕೈಬದಲಾದ ಕೋಟೆಯನ್ನು ನಾವು ದಿನವೂ ನೋಡುತ್ತೇವೆ. ಅದೇ ಹುಡುಗಿಯು ಮುಂದೆ 1595-96ರಲ್ಲಿ ಅಹಮದನಗರದ ಕೋಟೆಯ ಮೇಲೆ ನಿಂತು ಮೊಗಲರ ಸೈನ್ಯವನ್ನು ತಡೆದ ವೀರ ಚಾಂದಬೀಬಿಯಾದಳು. ಇತಿಹಾಸದ ಪಾಠದಲ್ಲಿ ಒಂದು ವಾಕ್ಯದಲ್ಲಿ ಮುಗಿಯುವ ಇಂತಹ ಹೆಣ್ಣಿನ ಬದುಕಿಗೆ ಮುನ್ನೂರು ಪುಟದ ಜಾಗವನ್ನು ಕೊಡುವುದು ಕಾದಂಬರಿಯ ಕೆಲಸ. ಗಳಗನಾಥರು ಆ ಕೆಲಸವನ್ನು ಕನ್ನಡದಲ್ಲಿ ಮಾಡಿದರು.

ನಮ್ಮ ಮನೆಯ ಓದು

ನಮ್ಮ ತಂದೆಯವರು ನವಿ ಪೇಠದ ಒಂದು ಬಟ್ಟೆಯ ಅಂಗಡಿಯಲ್ಲಿ ದಿವಾಣಜಿಯಾಗಿದ್ದರು. ಲೆಕ್ಕವೆಲ್ಲ ಮರಾಠಿ, ಓದುವ ಪತ್ರಿಕೆಯೂ ಮರಾಠಿ, ಮನೆಯೊಳಗಿನ ಮಾತು ಮಾತ್ರ ಕನ್ನಡ. ಅವ್ವನು ಇಂಡಿ ತಾಲೂಕಿನ ಕಡೆಯವಳು. ತವರಿನಿಂದ ಬಂದ ತಗಡಿನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೂರು ಪುಸ್ತಕಗಳಿದ್ದವು. ಅವುಗಳಲ್ಲಿ ಎರಡು ಗಳಗನಾಥರವು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಅಕ್ಕ ನಾಲ್ಕನೆಯ ಇಯತ್ತೆ ಮುಗಿಸಿದ ಕೂಡಲೇ ಶಾಲೆ ಬಿಡಬೇಕಾಯಿತು. ಮಧ್ಯಾಹ್ನದ ಊಟ ಮುಗಿದು, ಗಂಡಸರೆಲ್ಲ ಅಂಗಡಿಗೆ ಹೋದ ಮೇಲೆ, ವಾಡೆಯ ನಾಲ್ಕೈದು ಹೆಂಗಸರು ಜೋಳ ಹಸನು ಮಾಡುತ್ತ ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಅಕ್ಕ ಕಂಬಕ್ಕೆ ಒರಗಿ ಕುಳಿತು 'ಕನ್ನಡಿಗರ ಕರ್ಮಕಥೆ'ಯನ್ನು ಓದುತ್ತಿದ್ದಳು. ನಾನು ಆಗ ಏಳೆಂಟು ವರ್ಷದ ಹುಡುಗ.

ಮೊದಮೊದಲು ಅಕ್ಕ ಉದ್ದನೆಯ ಸಂಸ್ಕೃತ ಸಮಾಸಗಳಲ್ಲಿ ಎಡವುತ್ತಿದ್ದಳು. ಕೇಳುವವರು ಕೈಯಲ್ಲಿದ್ದ ಮೊರವನ್ನು ನಿಲ್ಲಿಸಿ ಕಾಯುತ್ತಿದ್ದರು. ಪುಸ್ತಕ ಒಮ್ಮೆ ಮುಗಿದು ಎರಡನೆಯ ಸಲ ಆರಂಭವಾಗುವ ಹೊತ್ತಿಗೆ ಅಕ್ಕ ಎಡವುವುದು ನಿಂತಿತ್ತು. ಮೆಹರ್ಜಾನಳ ಭಾಗ ಬಂದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆ ಬೇರೆ ಜಾತಿಯವಳು, ಬೇರೆ ಧರ್ಮದವಳು ಎಂಬ ಮಾತು ಆ ಪಡಸಾಲೆಯಲ್ಲಿ ಯಾರ ಬಾಯಿಂದಲೂ ಬಂದುದನ್ನು ನಾನು ಕೇಳಲಿಲ್ಲ. ವಿಜಯನಗರವು ಹಾಳಾದದ್ದು ರಣಭೂಮಿಯಲ್ಲಿ ಎಂಬುದನ್ನು ಅವ್ವ ಒಪ್ಪುತ್ತಿರಲಿಲ್ಲ. ಹೆಣ್ಣಿಗೆ ಕೊಟ್ಟ ಮಾತನ್ನು ಅರಸನು ಮುರಿದ ದಿನವೇ ರಾಜ್ಯ ಹೋಯಿತೆಂಬುದು ಆಕೆಯ ತೀರ್ಪಾಗಿತ್ತು. ಇತಿಹಾಸದ ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕ ಸಿಗಲಾರದು. ಆದರೆ ಅಕ್ಷರವನ್ನರಿಯದ ಒಬ್ಬ ಗೃಹಿಣಿಯು ಸಾಮ್ರಾಜ್ಯವೊಂದರ ಏಳುಬೀಳಿನ ಬಗ್ಗೆ ತನ್ನದೇ ಅಭಿಪ್ರಾಯವನ್ನು ಹೊಂದಿದ್ದಳು. ಅದನ್ನು ಆಕೆಗೆ ದೊರಕಿಸಿಕೊಟ್ಟದ್ದು ಆ ಪುಸ್ತಕ.

ಗಳಗನಾಥರ ಕೃತಿಗಳಲ್ಲಿ ಕೊರತೆಗಳಿಲ್ಲವೆಂದು ಹೇಳಲಾರೆ. ಅವರ ಸ್ತ್ರೀಪಾತ್ರಗಳು ಬಹಳಷ್ಟು ಸಹಿಸುತ್ತವೆ, ಪಾತಿವ್ರತ್ಯದ ಚೌಕಟ್ಟನ್ನು ದಾಟುವುದಿಲ್ಲ. ಕಥೆಯ ಮಧ್ಯೆ ನೀತಿಬೋಧೆಯು ಉದ್ದವಾಗುತ್ತದೆ. ತಮ್ಮ ಕಾಲದ ಮಿತಿಯನ್ನು ಅವರು ಪೂರ್ಣವಾಗಿ ಮೀರಲಿಲ್ಲ. ಆದರೆ ಅವರ ಕಾಲದಲ್ಲಿಯೇ, 1913ರಲ್ಲಿ, ನಂಜನಗೂಡು ತಿರುಮಲಾಂಬನವರು 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ ಹೆಣ್ಣೇ ಹೆಣ್ಣಿನ ಕಥೆಯನ್ನು ಬರೆಯುವ ದಾರಿಯನ್ನು ತೆರೆದರು. ನಮ್ಮ ಸೊಲ್ಲಾಪುರದಲ್ಲಿಯೇ 1912ರಲ್ಲಿ ಜನಿಸಿ, ಮರಾಠಿಯಲ್ಲಿ ಶಾಲೆ ಕಲಿತು, ಸಿದ್ಧರಾಮೇಶ್ವರರ ಚರಿತ್ರೆಯನ್ನು ಕನ್ನಡ ತ್ರಿಪದಿಯಲ್ಲಿ ಬರೆದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಇಂತಹವರು ಬರೆಯುವ ಹೊತ್ತಿಗೆ ಅವರಿಗಾಗಿ ಕಾದಿದ್ದ ಓದುಗರಿದ್ದರು. ಆ ಓದುಗರನ್ನು ಸಿದ್ಧಗೊಳಿಸಿದವರಲ್ಲಿ ಗಳಗನಾಥರು ಅಗ್ರಗಣ್ಯರು.

ಒಂದು ತಪ್ಪೊಪ್ಪಿಗೆ

ಇಷ್ಟೆಲ್ಲ ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ನಾನು ಹೊಸದಾಗಿ ಶಿಕ್ಷಕನಾದಾಗ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಅಲ್ಲಿ ಒಂದು ಕಪಾಟಿನ ತುಂಬ ಪುಸ್ತಕಗಳಿದ್ದವು. ಕೀಲಿಕೈ ನನ್ನ ಬಳಿ ಇರುತ್ತಿತ್ತು. ಏಳನೆಯ ಇಯತ್ತೆಯ ಒಬ್ಬ ಹುಡುಗಿ ಕಪಾಟಿನ ಗಾಜಿನಲ್ಲಿ 'ಕಮಲಕುಮಾರಿ'ಯನ್ನು ಕಂಡು ಮನೆಗೆ ಒಯ್ಯಲು ಕೇಳಿದಳು. ಕಾದಂಬರಿ ಓದಿದರೆ ಹೆಣ್ಣುಮಕ್ಕಳ ಮನಸ್ಸು ಅಭ್ಯಾಸದ ಮೇಲೆ ನಿಲ್ಲುವುದಿಲ್ಲವೆಂದು ಹೇಳಿ ನಾನು ಕೊಡಲಿಲ್ಲ. ಮರುವರ್ಷ ಆಕೆಯ ಮದುವೆಯಾಯಿತು. ಅಭ್ಯಾಸವೂ ಇಲ್ಲ, ಕಾದಂಬರಿಯೂ ಇಲ್ಲ ಎಂಬಂತಾಯಿತು.

ಹದಿಮೂರು ಹದಿನಾಲ್ಕು ವರ್ಷಗಳ ಮೇಲೆ, ಇನ್ನೊಂದು ಊರಿನ ಶಾಲೆಯಲ್ಲಿ ನಾನಿರುವಾಗ, ಆಕೆ ತನ್ನ ಮಗಳ ಹೆಸರನ್ನು ಹಚ್ಚಲು ಬಂದಳು. ನನ್ನ ಗುರುತು ಹಿಡಿದು ನಮಸ್ಕರಿಸಿದಳು. ಹೊರಡುವಾಗ, ಮಗಳಿಗೆ ಕಥೆಯ ಪುಸ್ತಕ ಕೇಳಿದರೆ ಕೊಡಬೇಕೆಂದು ವಿನಂತಿಸಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಾಗಿಯೇ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಮ್ಮ ಅಕ್ಕ ಓದು ಕಲಿತದ್ದು ಯಾವ ಪುಸ್ತಕದಿಂದ ಎಂಬುದನ್ನು ಬಲ್ಲ ನಾನೇ ಇನ್ನೊಬ್ಬರ ಅಕ್ಕನಿಗೆ ಅದನ್ನು ತಪ್ಪಿಸಿದ್ದೆ. ಆ ಬಳಿಕ ನಿವೃತ್ತನಾಗುವವರೆಗೆ ಪ್ರತಿ ಶನಿವಾರ ಕಪಾಟಿನ ಬಾಗಿಲು ತೆರೆದಿಟ್ಟೆ. ಹರಿದ ಪುಸ್ತಕಗಳು ಮರಳಿ ಬಂದವು, ಕೆಲವು ಮರಳಲೇ ಇಲ್ಲ. ಮರಳದ ಪುಸ್ತಕವು ಯಾವುದೋ ಮನೆಯ ಟ್ರಂಕಿನಲ್ಲಿ ಸೀರೆಯ ಕೆಳಗೆ ಇರಬಹುದೆಂದು ನಂಬಿ ದಪ್ತರದಲ್ಲಿ ಅದರ ಬೆಲೆಯನ್ನು ನಾನೇ ತುಂಬಿದೆ.

ನಮ್ಮ ಮುಂದಿರುವ ಕೆಲಸ

ಗಳಗನಾಥರು 1898ರಲ್ಲಿ ಎದುರಿಸಿದ ಸಮಸ್ಯೆಯು ಇಂದು ಸೊಲ್ಲಾಪುರ ಮತ್ತು ಅಕ್ಕಲಕೋಟದ ಕನ್ನಡ ಮನೆಗಳಲ್ಲಿ ಬೇರೆ ರೂಪದಲ್ಲಿ ನಿಂತಿದೆ. ಮನೆಯಲ್ಲಿ ಕನ್ನಡದ ಮಾತಿದೆ, ಕನ್ನಡದ ಓದಿಲ್ಲ. ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಆ ಭಾಷೆಗಳನ್ನು ಕಲಿಯುವುದು ತಪ್ಪಲ್ಲ. ಗಳಗನಾಥರೇ ಮರಾಠಿಯನ್ನು ಪ್ರೀತಿಯಿಂದ ಓದಿ ಅದರ ಸಂಪತ್ತನ್ನು ಕನ್ನಡಕ್ಕೆ ತಂದವರು. ಆದರೆ ಅಜ್ಜಿಯು ಹೇಳಿದ ಕಥೆಯನ್ನು ಅಜ್ಜಿಯ ಭಾಷೆಯಲ್ಲಿ ಓದಲು ಬಾರದ ಮೊಮ್ಮಗಳು ಏನನ್ನು ಕಳೆದುಕೊಳ್ಳುತ್ತಾಳೆಂಬುದನ್ನು ಹಿರಿಯರಾದ ನಾವು ವಿಚಾರಿಸಬೇಕು.

ಈ ಶಾಲೆಯಲ್ಲಿ ಕಲಿತು ದೇಶವಿದೇಶಗಳಲ್ಲಿ ನೆಲೆಸಿರುವ ಮಾಜಿ ವಿದ್ಯಾರ್ಥಿಗಳು ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ಏನನ್ನಾದರೂ ಕೊಡಬೇಕೆಂದು ಉತ್ಸುಕರಾಗಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಡಿರಿ. 'ಕನ್ನಡಿಗರ ಕರ್ಮಕಥೆ'ಯು ಹಲವು ಸಲ ಮರುಮುದ್ರಣವನ್ನು ಕಂಡಿದೆ, ಅದರ ಒಂದು ಪ್ರತಿಯೂ ಇರಲಿ. ವಿದ್ಯಾರ್ಥಿನಿಯರು ಅದನ್ನು ಮನೆಗೆ ಒಯ್ದು ತಾಯಂದಿರಿಗೆ ಗಟ್ಟಿಯಾಗಿ ಓದಿ ಹೇಳಲಿ. ಇಂದಿನ ಶಿಕ್ಷಕ ಬಂಧುಗಳು ಕಪಾಟಿನ ಕೀಲಿಯನ್ನು ತೆಗೆದಿಡಲಿ.

ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ನಡೆದ ಆ ಹಿರಿಯ ಮಾಸ್ತರರಿಗೆ ನಾವು ಸಲ್ಲಿಸಬಹುದಾದ ಗೌರವವು ಇದೇ ಎಂದು ನಂಬಿ, ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಶ್ರೀ ಸಿದ್ಧರಾಮೇಶ್ವರನಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.